ಮೊದಲಿನಿಂದ ಕೊನೆಯವರೆಗೆ ಇಳಿಜಾರು

ಹೆಂಡತಿ: ಹೊಳೆ ಕೂಡ ಒಂದೇ ಕಡೆಗೆ ಇಳಿಯುತ್ತೆ ಕಣ್ರೀ. ಸೇತುವೆ ಹತ್ರ ಹೊರಟು, ಮೂವತ್ತೆರಡು ಕಿಲೋಮೀಟರ್ ಬರೀ ಇಳಿದು, ಮತ್ತೆ ಅದೇ ಸೇತುವೆಗೆ ಬಂದು ಸೇರೋ ದಾರಿ ಯಾವ ಲೋಕದಲ್ಲಿದೆ?

ಗಂಡ: ಪುಟ ಹನ್ನೊಂದರಲ್ಲಿದೆ.

ಸೋಮವಾರ ಬೆಳಗಿನ ಎಂಟು ಗಂಟೆ. ಅಡುಗೆಮನೆ ಮೇಜಿನ ಒಂದು ತುದಿಯಲ್ಲಿ ಗಂಡ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಇನ್ನೊಂದು ತುದಿಯಲ್ಲಿ ಹೆಂಡತಿ ಸೈಕಲ್ ಟ್ಯೂಬನ್ನು ಬೋಗುಣಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದಳು. ಆಕೆ ಅಂಚೆ ಬಟವಾಡೆಯವಳು. ಹದಿನೆಂಟು ವರ್ಷದಿಂದ ಕಾಡುಬೆಟ್ಟದ ಜಲ್ಲಿ ದಾರಿಯಲ್ಲಿ ಸೈಕಲ್ ತುಳಿದು ಕಾಗದ ಹಂಚುತ್ತಿದ್ದಾಳೆ. ಈತ ಪ್ರವಾಸಿ ಕಚೇರಿಯ ಗುಮಾಸ್ತ, ಹನ್ನೊಂದು ವರ್ಷದಿಂದ ತಾತ್ಕಾಲಿಕ. ಜಲ್ಲಿ ದಾರಿಯಲ್ಲಿ ಸೈಕಲ್ ಹೊಡೆಯುವ ಷೋಕಿಗೆ ಬರುವ ಪಟ್ಟಣದವರಿಗಾಗಿ ಆ ದಾರಿಯದೇ ಕೈಪಿಡಿ ಬರೆದಿದ್ದಾನೆ. ಅದು ಅಚ್ಚಾಗಿ ಮೂರು ತಿಂಗಳಾಯಿತು, ಮನೆಯಲ್ಲಿ ಯಾರೂ ಓದಿರಲಿಲ್ಲ.

ಓದುವ ಪ್ರಮೇಯ ಬಂದದ್ದು ಮೊನ್ನೆ ಶನಿವಾರ. ಮಂಡಿ ಸವೆದಿದೆ, ಏರು ದಾರಿಗೆ ಬ್ಯಾಟರಿ ಸೈಕಲ್ ಕೊಡಿ ಎಂದು ಆಕೆ ಅಂಚೆ ಕಚೇರಿಗೆ ಅರ್ಜಿ ಹಾಕಿದ್ದಳು. ಅದಕ್ಕೆ ಉತ್ತರ ಬಂದಿತ್ತು. ತನ್ನ ಹೆಸರಿನ ಕೆಟ್ಟ ಸುದ್ದಿಯನ್ನೂ ತಾನೇ ಹೊತ್ತು ತಂದಿದ್ದಳು.

ಹೆಂಡತಿ: ಓದಿ ಇದನ್ನ.

ಗಂಡ: ಓದಿದೆನಲ್ಲ.

ಹೆಂಡತಿ: ಗಟ್ಟಿಯಾಗಿ ಓದಿ.

ಗಂಡ: "ಪ್ರವಾಸಿ ಕೈಪಿಡಿಯ ಪುಟ ಹನ್ನೊಂದರ ಪ್ರಕಾರ ತಮ್ಮ ಬಟವಾಡೆ ಮಾರ್ಗವು ಮೊದಲಿನಿಂದ ಕೊನೆಯವರೆಗೆ ಇಳಿಜಾರಾಗಿದ್ದು, ಬ್ಯಾಟರಿಯ ಅಗತ್ಯ ಕಂಡುಬರುವುದಿಲ್ಲ. ಒಳ್ಳೆಯ ಬ್ರೇಕು ಬೇಕಿದ್ದಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸಬಹುದು." ಭಾಷೆ ಚೆನ್ನಾಗಿದೆ.

ಹೆಂಡತಿ: ಚೆನ್ನಾಗಿಲ್ದೇ ಏನು? ಅರ್ಧ ನಿಮ್ಮದೇ.

ಗಂಡನ ಮುಖದಲ್ಲಿ ಒಂದು ಗಳಿಗೆ ಹೆಮ್ಮೆ ಸುಳಿಯಿತು. ತನ್ನ ಬರಹವನ್ನು ಇನ್ನೊಂದು ಇಲಾಖೆ ಎತ್ತಿ ಬರೆದದ್ದು ಇದೇ ಮೊದಲು. ಹೆಂಡತಿಯ ಕಣ್ಣು ನೋಡಿ ಮುಖ ಸರಿಮಾಡಿಕೊಂಡ.

ಗಂಡ: ನಾನೇನು ಕುರ್ಚಿ ಮೇಲೆ ಕೂತು ಬರೆದಿಲ್ಲ ಕಣೇ. ದಾರೀನ ನಾಲ್ಕು ತುಂಡು ಮಾಡಿ, ನಾಲ್ಕು ದಿನ ಖುದ್ದಾಗಿ ಸೈಕಲ್ ಹೊಡೆದಿದ್ದೀನಿ. ನಾಲ್ಕೂ ಇಳಿಜಾರು. ನಾಲ್ಕು ಇಳಿಜಾರು ಕೂಡಿಸಿದ್ರೆ ಏರು ಎಲ್ಲಿಂದ ಬರುತ್ತೆ?

ಹೆಂಡತಿ: ಮೊದಲನೇ ದಿನ ಎಲ್ಲಿಂದ ಹೊರಟ್ರಿ?

ಗಂಡ: ಮೇಲೆ ಕಾವಲು ಗೋಪುರದಿಂದ. ಸೇತುವೆಗೆ ಇಳಿದೆ.

ಹೆಂಡತಿ: ಎರಡನೇ ದಿನ?

ಗಂಡ: ಅದೇ ಗೋಪುರದಿಂದ. ಆ ಕಡೆ ಮರದ ಮಿಲ್ಲಿಗೆ ಇಳಿದೆ.

ಹೆಂಡತಿ: ಗೋಪುರದ ತನಕ ಹೇಗೆ ಹೋದ್ರಿ?

ಗಂಡ: ಕಚೇರಿ ಜೀಪಲ್ಲಿ.

ಹೆಂಡತಿ: ಸೈಕಲ್ಲು?

ಗಂಡ: ಅದೂ ಜೀಪಲ್ಲೇ. ಅದನ್ನ ಒಂಟಿಯಾಗಿ ಕಳಿಸೋಕಾಗುತ್ತಾ?

ಮೂರನೆಯ, ನಾಲ್ಕನೆಯ ದಿನದ ಕಥೆಯೂ ಅಷ್ಟೇ. ಗೋಪುರದ ಬದಲು ಎದುರುಗುಡ್ಡದ ಕಲ್ಲುಗಣಿ, ಅಲ್ಲಿಂದ ಒಂದು ದಿನ ಮಿಲ್ಲಿಗೆ, ಒಂದು ದಿನ ಸೇತುವೆಗೆ; ಜೀಪು ಮಾತ್ರ ಅದೇ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಜೀಪಿನಲ್ಲಿ ಕೂತವನಿಗೆ ಹತ್ತಿರದ್ದೂ ನುಣ್ಣಗೇ.

ಹೆಂಡತಿ: ಹಾಗಾದ್ರೆ ಜೀಪು ಹತ್ತಿದ್ದನ್ನೂ ಬರೀಬೇಕಿತ್ತು.

ಗಂಡ: ಅದು ಸೈಕಲ್ ಕೈಪಿಡಿ. ಅದರಲ್ಲಿ ಜೀಪಿನ ವಿಷಯ ಯಾಕೆ ಬರುತ್ತೆ?

ಆಕೆ ಟ್ಯೂಬನ್ನು ಬೋಗುಣಿಯಿಂದ ಎತ್ತಿ ಒರೆಸಿದಳು. ತನಗೆ ಬೇರೇನೂ ಬೇಡ, ತಪ್ಪಾಗಿದೆ ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು, ಬ್ಯಾಟರಿ ಸೈಕಲ್ ಬರುತ್ತದೆ ಎಂದಳು. ಗಂಡ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಅಂಗಲಾಚಿದ. ಇವತ್ತು ಪ್ರವಾಸಿ ಕಚೇರಿಯ ನಿರ್ದೇಶಕರು ಬರುತ್ತಾರೆ, ಕೈಯಲ್ಲಿ ತನ್ನ ಖಾಯಂ ಆದೇಶ ತರುತ್ತಾರೆ. ಪುಟ ಹನ್ನೊಂದನ್ನು ನಂಬಿ ಪಟ್ಟಣದವರು ಹಿಂಡು ಹಿಂಡಾಗಿ ಬರುತ್ತಿರುವುದರಿಂದಲೇ ಆ ಆದೇಶ.

ಗಂಡ: ಇವತ್ತೇ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಳ್ಳಲಾ?

ಹೆಂಡತಿ: ನಿಮ್ಮ ಕಾಲಿಗೆ ಏನಾಗಿದೆ? ಸವೆದಿರೋದು ನನ್ನದು.

ಗಂಡ: ತಾತ್ಕಾಲಿಕದವನ ಸಹಿಗೆ ಯಾರು ಬೆಲೆ ಕೊಡ್ತಾರೆ? ಒಂದು ಸಲ ಖಾಯಂ ಆಗ್ಲಿ. ಆಮೇಲೆ ಬರೀತೀನಿ.

ಹೆಂಡತಿ: ಖಾಯಂ ಆದ್ಮೇಲೆ ತಪ್ಪು ಒಪ್ಕೊಂಡವರನ್ನ ನಾನಂತೂ ಕಂಡಿಲ್ಲ.

ಅಷ್ಟರಲ್ಲಿ ಜೀಪು ಬಂತು. ನಿರ್ದೇಶಕರು ಮೈಗಂಟಿದ ಸವಾರಿ ಉಡುಪಿನಲ್ಲಿ, ತಲೆಗೆ ಹೆಲ್ಮೆಟ್, ಕೈಗೆ ಗ್ಲೌಸು ಹಾಕಿಕೊಂಡು ಇಳಿದರು. ಸೈಕಲ್ ಒಂದು ಇರಲಿಲ್ಲ. ಜೀಪಿನಲ್ಲೇ ಕೂತಿದ್ದ ಫೋಟೋದವನಿಗೆ ಕಾಯುವಂತೆ ಹೇಳಿ ಪಡಸಾಲೆಗೆ ಬಂದು ಕೂತರು. ಗಂಡ ಚಹಾಕ್ಕೆ ನೀರಿಡಲು ಅಡುಗೆಮನೆಗೆ ಓಡಿದ, ಹೆಂಡತಿ ಅವನು ಬರಲೆಂದು ಕಾಯಲಿಲ್ಲ.

ಹೆಂಡತಿ: ಸಾಹೇಬ್ರೇ, ಈ ದಾರೀಲಿ ಅರ್ಧಕ್ಕರ್ಧ ಏರು. ಪುಸ್ತಕದಲ್ಲಿರೋದು ತಪ್ಪು.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ನಿರ್ದೇಶಕರು ಮಾತ್ರ ನಿರಾಳವಾಗಿ ಚೀಲದಿಂದ ಪ್ರವಾಸಿಗರ ಪತ್ರಗಳ ಕಟ್ಟು ತೆಗೆದರು.

ನಿರ್ದೇಶಕರು: ಮೂರು ತಿಂಗಳಲ್ಲಿ ಒಂದೂ ದೂರು ಬಂದಿಲ್ಲ ಅಮ್ಮ. ಕೇಳಿ. "ಇಳಿಜಾರಿನಲ್ಲೇ ಆರು ಕಡೆ ಸೈಕಲ್ ತಳ್ಳಬೇಕಾಯಿತು. ನನ್ನ ಮೈ ಎಷ್ಟು ಕೆಟ್ಟಿದೆಯೆಂದು ಗೊತ್ತಾಯಿತು. ಅಂದೇ ಸಿಗರೇಟು ಬಿಟ್ಟೆ. ವಂದನೆಗಳು."

ಇನ್ನೊಬ್ಬರು ತಮ್ಮ ಸೈಕಲ್ಲೇ ಸರಿಯಿಲ್ಲವೆಂದು ಮಾರಿ ಹೊಸದು ಕೊಂಡಿದ್ದರು. ಮತ್ತೊಬ್ಬರು ಹೃದಯ ಪರೀಕ್ಷೆ ಮಾಡಿಸಿಕೊಂಡು, ಡಾಕ್ಟರರ ಮಾತನ್ನೂ ನಂಬದೆ ಎರಡನೆಯ ಡಾಕ್ಟರರ ಹತ್ತಿರ ಹೋಗಿದ್ದರು.

ಹೆಂಡತಿ: ಇದು ಏರು ಅಂತ ಒಬ್ರಿಗೂ ಅನ್ನಿಸ್ಲಿಲ್ವಾ?

ನಿರ್ದೇಶಕರು: ಅನ್ನಿಸಿರುತ್ತೆ. ಆದ್ರೆ ಅಚ್ಚಾಗಿದೆಯಲ್ಲ ಅಮ್ಮ.

ಪುಸ್ತಕ ತಿದ್ದುವ ಮಾತೇ ಇಲ್ಲ ಎಂದು ಹೇಳಿ ಅವರು ಆದೇಶವನ್ನು ಚಹಾ ತಂದ ಗಂಡನ ಕೈಗಿತ್ತರು. ಖಾಯಂ, ದಾರಿ ಅಧಿಕಾರಿ. ಹನ್ನೊಂದು ವರ್ಷ ಕಾದವನ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ಎರಡನೆಯ ಪ್ಯಾರಾ ಓದಿದ.

ಗಂಡ: ಸಾರ್, ಜೀಪು ವಾಪಸ್ ಅಂತಿದೆ.

ನಿರ್ದೇಶಕರು: ಇಳಿಜಾರಿಗೆ ಜೀಪು ಯಾಕ್ರೀ? ಪ್ರತಿ ಸೋಮವಾರ ಪೂರ್ತಿ ಸುತ್ತು ಸೈಕಲ್ಲಲ್ಲೇ ಪರಿಶೀಲಿಸಬೇಕು. ಸೇತುವೆಯಿಂದ ಶುರು. ಇವತ್ತೂ ಸೋಮವಾರವೇ.

ಗಂಡ: ತಾವೂ ಸವಾರಿಗೆ ಬರ್ತೀರಾ ಸಾರ್?

ನಿರ್ದೇಶಕರು: ನಾನು ಜೀಪಲ್ಲಿ ಮುಂದೆ ಹೋಗಿ ಗೋಪುರದ ಹತ್ರ ನಿಮ್ಮನ್ನ ಎದುರುಗೊಳ್ತೀನಿ. ಫೋಟೋ ಆಗಬೇಕಲ್ಲ.

ಗಂಡ, ಒಂದು ಸಣ್ಣ ತಿದ್ದುಪಡಿ ಇದೆ ಸಾರ್ ಎಂದು ಬಾಗಿಲ ತನಕ ಓಡಿದ. ಜೀಪಿನ ಧೂಳು ಮಾತ್ರ ಸಿಕ್ಕಿತು.

ಹೆಂಡತಿ ಟ್ಯೂಬು ಕೂರಿಸಿ, ಅಂಚೆ ಚೀಲ ಹೆಗಲಿಗೇರಿಸಿ ಹೊರಟಳು, ಗಂಡ ಇಸ್ತ್ರಿ ಅಂಗಿಯಲ್ಲಿ ತನ್ನ ಸೈಕಲ್ ಹತ್ತಿ ಹಿಂದೆ ಹೊರಟ. ಸೇತುವೆ ದಾಟಿದ್ದೇ ಜಲ್ಲಿ ದಾರಿ ಮರಗಳ ನಡುವೆ ಮೇಲೆದ್ದಿತು. ಮೊದಲ ತಿರುವಿಗೆ ಅವನ ಉಸಿರು ನಿಂತಿತು, ಎರಡನೆಯ ತಿರುವಿಗೆ ಸೈಕಲ್ ನಿಂತಿತು. ಚಕ್ರದಡಿ ಜಲ್ಲಿ ಜಾರಿ, ಒಂದು ಅಡಿ ಹತ್ತಿದರೆ ಅರ್ಧ ಅಡಿ ವಾಪಸು. ಇಳಿದು, ಮನೆಗೆ ಮರಳುವ ಆಸೆಯಿಂದ ಸೈಕಲ್ಲನ್ನು ಕೆಳಮುಖವಾಗಿ ತಿರುಗಿಸಿ ಮರಕ್ಕೆ ಒರಗಿಸಿದ. ಹೆಂಡತಿ ಮುಂದೆ ಒಂದು ಕಾಲೂರಿ ನಿಂತು ಮಂಡಿ ತಿಕ್ಕಿಕೊಳ್ಳುತ್ತಿದ್ದಳು.

ಗಂಡ: ಇಷ್ಟು ಏರಿದೆ ಅಂತ ಹದಿನೆಂಟು ವರ್ಷದಲ್ಲಿ ಒಂದು ಮಾತು ಹೇಳ್ಬಾರ್ದಿತ್ತಾ?

ಹೆಂಡತಿ: ದಿನಾ ಸಂಜೆ ಬಂದು ಮಂಡಿ ನೋವು ಅಂತಿದ್ದೆನಲ್ಲ.

ಗಂಡ: ಅದು ಮಂಡಿ ವಿಷಯ ಅಂದ್ಕೊಂಡಿದ್ದೆ.

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಅಂಚೆ ಕಚೇರಿಯ ಉತ್ತರವನ್ನು ಆಕೆಯಿಂದ ಇಸಿದುಕೊಂಡು, ಅಂಚೆ ಚೀಲದ ಮೇಲೆಯೇ ಇಟ್ಟು ಅದರ ಹಿಂಬದಿಗೆ ಬರೆದ: "ಸದರಿ ದಾರಿಯಲ್ಲಿ ಅರ್ಧ ಏರು. ಖುದ್ದು ಹತ್ತಿ ನೋಡಿದ್ದೇನೆ. ಕೈಪಿಡಿಯಲ್ಲಿರುವುದು ನನ್ನ ತಪ್ಪು." ಕೆಳಗೆ ಖಾಯಂ ಅಧಿಕಾರಿಯ ಮೊದಲ ಸಹಿ ಹಾಕಿದ. ಆಕೆ ಎರಡು ಸಲ ಓದಿ, ಮಡಚಿ, ಚೀಲದ ಒಳಜೇಬಿಗೆ ಇಟ್ಟುಕೊಂಡಳು.

ಹಿಂದೆ ಜಲ್ಲಿ ಸರಸರ ಎಂದಿತು. ಮರದಿಂದ ಜಾರಿದ ಸೈಕಲ್ ಸವಾರನಿಲ್ಲದೆ, ತಿರುವನ್ನೂ ಅಚ್ಚುಕಟ್ಟಾಗಿ ತಿರುಗಿ, ಸೇತುವೆಯ ಕಡೆಗೆ ಇಳಿಯುತ್ತಿತ್ತು. ಗಂಡ ಹಿಡಿಯಲು ಓಡಿದ.

ಹೆಂಡತಿ: ಬಿಡಿ, ಓಡಬೇಡಿ. ನಿಮ್ಮ ಕೈಪಿಡಿ ನಂಬಿ ಕೆಡದೇ ಇರೋದು ಅದೊಂದೇ.