ಲೀಟರಿಗೆ ಹತ್ತೂವರೆ

ಸಂಬಳ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ವಯಸ್ಸನ್ನೂ ಮುಚ್ಚಿಡುವುದಿಲ್ಲ, ನನ್ನ ತಲೆ ನೋಡಿದವರಿಗೆ ಅದು ಹೇಗಿದ್ದರೂ ತಿಳಿಯುತ್ತದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಹೊಟ್ಟೆ ಹೊರೆಯುವವನಿಗೆ ಸುಳ್ಳು ಹೇಳುವ ಅವಕಾಶಗಳೂ ಕಡಿಮೆ. ತ್ರಿಕೋನದ ಮೂರು ಕೋನ ಕೂಡಿದರೆ ನೂರಾ ಎಂಬತ್ತು ಎನ್ನುವಲ್ಲಿ ಒಂದೆರಡು ಹೆಚ್ಚಿಗೆ ಹೇಳಿ ಯಾರನ್ನು ಮೆಚ್ಚಿಸುವುದು? ಇಂಥ ನಾನು ಒಂದೇ ಒಂದು ವಿಷಯದಲ್ಲಿ ಮಾತ್ರ ಹಾಡುಹಗಲೇ, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು, ಎರಡು ವರ್ಷ ಸುಳ್ಳು ಹೇಳಿದೆ. ಅದು ನನ್ನ ಕಾರಿನ ಆವರೇಜಿನ ವಿಷಯ.

ಒಂದು ಲೀಟರ್ ಪೆಟ್ರೋಲಿಗೆ ಗಾಡಿ ಎಷ್ಟು ದೂರ ಓಡುತ್ತದೆ ಎಂಬುದಕ್ಕೆ ಬೆಂಗಳೂರಿನ ಕಡೆ ಮೈಲೇಜ್ ಎನ್ನುತ್ತಾರೆ. ನಮ್ಮ ಬಾಗಲಕೋಟೆ ಕಡೆ ಅದು ಆವರೇಜ್. ಈ ಶಬ್ದದಿಂದ ಗಣಿತದ ಮಾಸ್ತರರಿಗೆ ಆಗುವ ತೊಂದರೆ ಅಷ್ಟಿಷ್ಟಲ್ಲ. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಸರಾಸರಿಯ ಪಾಠ ಶುರುಮಾಡುತ್ತ, "ಆವರೇಜ್ ಅಂದರೆ ಏನು, ಯಾರು ಹೇಳತೀರಿ?" ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು, "ಎಂಬತ್ತ ಸರ, ಡಬಲ್ ಸೀಟ್ ಆದ್ರ ಎಪ್ಪತ್ತ" ಎಂದ. ಉಳಿದವರು ನಗಲಿಲ್ಲ. ಉತ್ತರ ಸರಿಯಾಗಿದೆ ಎಂದೇ ಅವರೆಲ್ಲ ತಿಳಿದಿದ್ದರು.

ಕಾರು ನಾನು ಕೊಂಡದ್ದಲ್ಲ. ಮಾಸ್ತರಿಕೆಯ ಸಂಬಳದಲ್ಲಿ ಯಾರೂ ಸ್ಪೋರ್ಟ್ಸ್ ಕಾರು ಕೊಳ್ಳುವುದಿಲ್ಲ. ನನ್ನ ಹೆಂಡತಿಯ ಸೋದರಮಾವ ಮುಂಬಯಿಯ ಬಂದರಿನಲ್ಲಿ ನೌಕರಿ ಮಾಡಿ ನಿವೃತ್ತರಾಗಿ ಊರಿಗೆ ಬರುವಾಗ, ಯಾವನೋ ಪರದೇಶದವನು ಬಿಟ್ಟುಹೋದ ಹಳೆಯ ಕೆಂಪು ಕಾರೊಂದನ್ನು ತಂದಿದ್ದರು. ಎರಡೇ ಸೀಟು. ಮಾಡಿನ ಬದಲು ಮಡಚಿಡುವ ಬಟ್ಟೆ. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಒಳಗೆ ಕೂತರೆ ಪಂಕ್ತಿಯ ಊಟಕ್ಕೆ ಕೂತ ಹಾಗಾಗುತ್ತಿತ್ತು. ಅವರಿಗೆ ಮಂಡಿನೋವು ಬಂದು ಡಾಕ್ಟರು ನೆಲದ ಮೇಲೆ ಕೂಡಬೇಡಿ ಎಂದಾಗ ಅವರು ಮೊದಲು ಬಿಟ್ಟದ್ದು ಈ ಕಾರನ್ನು. "ನಿಮ್ಮ ಮನಿ ಮುಂದ ನಿಲ್ಲಲಿ ಅಳಿಯಂದಿರ" ಎಂದು ಕೀಲಿ ಕೊಟ್ಟರು. ಆಗಷ್ಟೇ ನಾವು ಮುಳುಗಡೆಯಾದ ಹಳೆಯ ಊರು ಬಿಟ್ಟು ನವನಗರದ ಸೆಕ್ಟರಿಗೆ ಬಂದಿದ್ದೆವು. ಮನೆಯ ಮುಂದೆ ಜಾಗ ಬೇಕಾದಷ್ಟಿತ್ತು, ನಿಲ್ಲಿಸಲು ಒಂದು ಸೈಕಲ್ಲಿನ ಹೊರತು ಏನೂ ಇರಲಿಲ್ಲ.

ಮರುದಿನದಿಂದಲೇ ಮಂದಿ ಬರತೊಡಗಿದರು. ಸುತ್ತ ತಿರುಗಿ ನೋಡಿದರು, ಬಟ್ಟೆಯ ಮಾಡು ಎತ್ತಿ ಇಳಿಸಿದರು, ಮಕ್ಕಳನ್ನು ಕೂಡ್ರಿಸಿ ಇಳಿಸಿಕೊಂಡರು. ಎಷ್ಟು ಸ್ಪೀಡ್ ಹೋಗುತ್ತದೆ ಎಂದು ಒಬ್ಬನೂ ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ಆವರೇಜ್ ಎಷ್ಟ ಕೊಡತೈತ್ರಿ ಸರ?" ಗಣಿತದವನು ಗೊತ್ತಿಲ್ಲ ಎನ್ನಬಾರದು. ಒಂದು ಭಾನುವಾರ ಟ್ಯಾಂಕು ಬರಿದು ಮಾಡಿ, ಅಳೆದು ಎರಡು ಲೀಟರ್ ಹಾಕಿ, ನವನಗರದ ಸೆಕ್ಟರುಗಳಿಗೆ ಪ್ರದಕ್ಷಿಣೆ ಹಾಕಿದೆ. ಕಾರು ನಿಂತಾಗ ಮೀಟರಿನ ಅಂಕಿ ಹದಿಮೂರು ಮುಂದೆ ಹೋಗಿತ್ತು. ಎರಡರಿಂದ ಭಾಗಿಸಿದರೆ ಆರೂವರೆ. ನಂಬಿಕೆಯಾಗದೆ ಇನ್ನೆರಡು ಭಾನುವಾರ ಅದನ್ನೇ ಮಾಡಿ ಸರಾಸರಿ ತೆಗೆದೆ. ಆವರೇಜಿನ ಸರಾಸರಿಯೂ ಆರೂವರೆಯೇ ಬಂತು. ಪರದೇಶದ ಮೀಟರು, ಸುಳ್ಳು ಹೇಳಲಿಕ್ಕಿಲ್ಲ ಎಂದು ಒಪ್ಪಿಕೊಂಡೆ. ಅಂದಿನಿಂದ ಆ ಅಂಕಿಗಳ ಕಡೆ ನೋಡುವುದನ್ನೇ ಬಿಟ್ಟೆ.

ಎದುರುಮನೆಯ ಗುಮಾಸ್ತರ ಮೋಟರ್ ಸೈಕಲ್ಲು ಎಂಬತ್ತು ಕೊಡುತ್ತಿತ್ತು. ಕೊಡುತ್ತಿತ್ತು ಎಂದರೆ ಅವರು ಹಾಗೆ ಹೇಳುತ್ತಿದ್ದರು. ಹೆಂಡತಿ ಹಿಂದೆ ಇರದೆ, ಗಾಳಿ ಬೆನ್ನಿಗಿದ್ದು, ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿಕೊಂಡು ಬಂದಾಗ ಕೊಟ್ಟ ಎಂಬತ್ತು ಅದು. ಆ ಮಹಾಶಯರ ಮುಂದೆ ಆರೂವರೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ. "ಹತ್ತೂವರಿ" ಎಂದುಬಿಟ್ಟೆ. ಬರೀ ಹತ್ತು ಎಂದರೆ ಬಾಯಿಗೆ ಬಂದದ್ದು ಹೇಳಿದ ಎಂದು ಗೊತ್ತಾಗುತ್ತದೆ. ಅರ್ಧ ಸೇರಿಸಿದರೆ ಲೆಕ್ಕ ಹಾಕಿ ಹೇಳಿದಂತೆ ಕಾಣುತ್ತದೆ. ಅವರು ಹತ್ತೂವರೆಗೂ ಮರುಗಿದರು. "ಪಾಪ, ಭಾಳ ಕುಡೀತೈತ್ರಿ ಇದು" ಎಂದು, ಮನೆಯಲ್ಲಿ ಕುಡುಕ ಮಗನಿದ್ದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಆಮೇಲೆ ಕೇಳಿದವರಿಗೆಲ್ಲ ಹತ್ತೂವರೆಯೇ ಆಯಿತು.

ಹಾಗಂತ ನಾನು ಕಾರನ್ನು ಮನಬಂದಂತೆ ಓಡಿಸುತ್ತಿದ್ದೆ ಎಂದಲ್ಲ. ಮುಳ್ಳು ನಲವತ್ತೈದು ದಾಟದ ಹಾಗೆ ನೋಡಿಕೊಳ್ಳುತ್ತಿದ್ದೆ. ಆದರೂ ಪಕ್ಕದಲ್ಲಿ ಕೂತ ಹೆಂಡತಿ ಸೆರಗು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಬಾಗಿಲು ಹಿಡಿದು, "ಸಾವಕಾಶ ಹೊಡೀರಿ, ಸಾಯ್ತೀವಿ" ಎಂದು ಚೀರುತ್ತಿದ್ದಳು. "ಬರೇ ನಲವತ್ತೈದ ಐತಿ" ಎಂದು ನಾನು ಮುಳ್ಳು ತೋರಿಸುತ್ತಿದ್ದೆ. ಸಣ್ಣ ಕಾರಿನಲ್ಲಿ ನಲವತ್ತೈದೂ ದೊಡ್ಡದಾಗಿ ಕಾಣುತ್ತದೆ ಎಂದು ತಿಳಿಸಿಯೂ ಹೇಳುತ್ತಿದ್ದೆ.

ಈ ಸುಳ್ಳಿನಿಂದ ಯಾರ ಮನೆಯೂ ಮುಳುಗುವಂತಿರಲಿಲ್ಲ, ಇಳಕಲ್ಲಿನ ಗುರುಸಿದ್ದಪ್ಪ ಮಾವ ಕರೆಸುವ ತನಕ. ಅವರು ನನ್ನ ಅಕ್ಕನ ಗಂಡ; ನಮ್ಮ ಕಡೆ ಭಾವನಿಗೂ ಮಾವ ಎನ್ನುತ್ತೇವೆ. ಮನೆತುಂಬ ಮಗ್ಗ, ಸೀರೆಯ ವ್ಯಾಪಾರ. ಅವರ ಮಗ ಸಂಗಮೇಶನಿಗೆ ಮೂರು ವರ್ಷದಿಂದ ಹೆಣ್ಣು ನೋಡುತ್ತಿದ್ದರು. ಹುಡುಗ ಚಿನ್ನದಂಥವನು, ಕೆಲಸ ಕೆಡಿಸಿದವರು ಸಂಬಂಧ ಕುದುರಿಸುವ ನಡುವಿನವರು. ಆರು ಮಗ್ಗ ಇದ್ದರೆ ಹನ್ನೆರಡು ಎಂದರು, ಬಿ.ಎ. ಓದಿದವನನ್ನು ಎಂ.ಎ. ಮಾಡಿದರು. ಬೀಗರು ಬಂದು ಎಣಿಸಿ ನೋಡಿ ಎದ್ದು ಹೋದರು. ಎರಡು ಸಲ ಹೀಗಾದ ಮೇಲೆ ಇಡೀ ಮನೆತನಕ್ಕೆ ಸುಳ್ಳಿನ ಹೆಸರು ಅಂಟಿತು. ಈಗ ಬಾದಾಮಿ ಹತ್ತಿರದ ಚೊಳಚಗುಡ್ಡದ ಶಿವಪ್ಪನವರ ಮಗಳನ್ನು ನೋಡಬೇಕಿತ್ತು. ಶಿವಪ್ಪನವರು ಕುಳಗೇರಿ ಕ್ರಾಸಿನಲ್ಲಿ ಲಾರಿ ಇಟ್ಟವರು, ಖಡಕ್ ಮನುಷ್ಯ. "ಒಂದ ಸುಳ್ಳ ಸಿಕ್ಕರೂ ಮಾತು ಅಲ್ಲಿಗೇ ಮುಗೀತು" ಎಂದು ಫೋನಿನಲ್ಲೇ ಹೇಳಿದ್ದರಂತೆ. "ಇದೂ ತಪ್ಪಿದ್ರ ಹುಡುಗ ಮದಿವೀನ ಬ್ಯಾಡ ಅಂತಾನೋ ಮಾಸ್ತರ. ನೀ ಸೋದರಮಾವ, ಮ್ಯಾಲ ಲೆಕ್ಕದ ಮಾಸ್ತರ. ನಿನ್ನ ಮಾತ ನಂಬತಾರ. ಕಾರ ತಗೊಂಡ ಬಾ" ಎಂದರು ಮಾವ. ಅಕ್ಕ ಹಿಂದಿನಿಂದ ಅಳುತ್ತಿದ್ದುದು ಫೋನಿನಲ್ಲಿ ಕೇಳಿಸಿತು. ಬರುತ್ತೇನೆ ಎಂದೆ.

ಹಿಂದಿನ ದಿನ ಮಧ್ಯಾಹ್ನವೇ ಇಳಕಲ್ಲಿಗೆ ಹೋದೆ. ಕಾರು ನಿಲ್ಲಿಸಲು ಇದ್ದ ಜಾಗ ಮಗ್ಗದ ಕೋಣೆಯ ಪಕ್ಕದಲ್ಲಿ. ರೇಷ್ಮೆ ನೂಲಿನ ಹತ್ತಿರ ಪೆಟ್ರೋಲ್ ಬೇಡ ಎಂದು ಮಾವ ಪೈಪು ಹಾಕಿ ಟ್ಯಾಂಕನ್ನು ಪೂರ್ತಿ ಕ್ಯಾನಿಗೆ ಇಳಿಸಿದರು. ಬೆಳಿಗ್ಗೆ ಲೀಟರಿನಿಂದ ಅಳೆದು ವಾಪಸು ಸುರಿದರು. ಒಂಬತ್ತು ಲೀಟರ್ ಆಯಿತು. ನೂಲು ಅಳೆದು ಸೀರೆಗೆ ಎಷ್ಟು ಬೇಕೋ ಅಷ್ಟೇ ತೆಗೆಯುವ ಕೈ ಅದು. "ಒಂಬತ್ತ ಹತ್ತೂವರ್ಲೆ ತೊಂಬತ್ನಾಕೂವರಿ. ದಾರಿ ಎಂಬತ್ತೈದು. ಸಾಕು, ಬರೂಮುಂದ ಬಾದಾಮ್ಯಾಗ ಹಾಕಸೂಣು" ಎಂದು, ಮೀಟರಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡರು. ನನ್ನ ತಲೆಯೊಳಗೆ ಬೇರೆ ಲೆಕ್ಕ ನಡೆದಿತ್ತು: ಒಂಬತ್ತು ಆರೂವರೆಯಲೆ ಐವತ್ತೆಂಟೂವರೆ. ಪೆಟ್ರೋಲಿನ ಮುಳ್ಳು ಅರ್ಧಕ್ಕೆ ಸಿಕ್ಕಿಕೊಂಡು ಯುಗವಾಗಿತ್ತು, ಅದನ್ನು ತೋರಿಸಿಯೂ ಪ್ರಯೋಜನವಿರಲಿಲ್ಲ. ಅಕ್ಕ, ಸಂಗಮೇಶ, ಹಿರಿಯರು ಎಲ್ಲ ಮೊದಲೇ ಬಸ್ಸಿಗೆ ಹೋಗಿದ್ದರು. ವರ ಬಸ್ಸಿನಲ್ಲಿ, ವರನ ಅಪ್ಪ ಸ್ಪೋರ್ಟ್ಸ್ ಕಾರಿನಲ್ಲಿ. ಎರಡೇ ಸೀಟಿನ ಕಾರಿನ ನ್ಯಾಯವೇ ಹಾಗೆ.

ಹುನಗುಂದದ ಪಂಪಿನ ಹತ್ತಿರ, "ಮಾವ, ಒಂದೆರಡ ಲೀಟರ ಹಾಕಸೂಣೇನ್ರಿ?" ಎಂದೆ. "ಯಾಕ? ಲೆಕ್ಕಾ ತಪ್ಪೇತೇನ?" ಎಂದರು. ತಪ್ಪಿಲ್ಲ ಎಂದೆ. ಅಮೀನಗಡದಲ್ಲಿ ಕರದಂಟು ಕೊಳ್ಳುವ ನೆಪ ಮಾಡಿ ನಿಲ್ಲಿಸಿದೆ. ಕರದಂಟು ಕೊಂಡದ್ದೂ ಆಯಿತು, ಒಂದು ತುಂಡು ತಿಂದದ್ದೂ ಆಯಿತು, ಬಾಯಿ ಬಿಡುವ ಧೈರ್ಯ ಮಾತ್ರ ಬರಲಿಲ್ಲ. ಐಹೊಳೆ ದಾಟಿದ ಮೇಲೆ ರಸ್ತೆಯ ಕಲ್ಲುಗಳನ್ನು ಎಣಿಸತೊಡಗಿದೆ. ಎರಡೂ ಕಡೆ ಸೂರ್ಯಕಾಂತಿ ಹೊಲ, ಒಂದು ನರಪಿಳ್ಳೆಯಿಲ್ಲ. ಇಲ್ಲಿ ಕಾರು ನಿಂತರೆ ಹುಡುಗನ ಮದುವೆಯೂ ಇಲ್ಲೇ ನಿಲ್ಲುತ್ತದೆ ಎನ್ನಿಸಿ ಕಾರನ್ನು ಇನ್ನಷ್ಟು ನಿಧಾನ ಮಾಡಿದೆ. ಇಳಕಲ್ಲಿನಿಂದ ಐವತ್ತೆಂಟನೆಯ ಕಲ್ಲು ದಾಟಿದಾಗ ತಡೆಯಲಾಗಲಿಲ್ಲ.

"ಮಾವ, ಈ ಕಾರ ಹತ್ತೂವರಿ ಕೊಡಂಗಿಲ್ರಿ."

"ಮತ್ತೆಷ್ಟ ಕೊಡತೈತಿ?"

"ಆರೂವರಿ. ಇನ್ನೇನ ನಿಲ್ಲತೈತ್ರಿ."

ಮಾವ ಕೈಯಲ್ಲಿದ್ದ ಕರದಂಟಿನ ಪೊಟ್ಟಣ ಕೆಳಗಿಟ್ಟರು. "ಎರಡ ವರ್ಷ ಎಲ್ಲಾರ ಮುಂದ ಹತ್ತೂವರಿ ಅಂದೆಲ್ಲೋ? ನಿಮ್ಮಕ್ಕನ ಮುಂದೂ?"

"ಹೌದ್ರಿ."

"ನಡುವಿನ ಮಂದಿ ಸುಳ್ಳ ಹೇಳ್ಯಾರಂತ ನಿನ್ನ ಕರಸಿದ್ನೆಪಾ ನಾ" ಎಂದರು. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಬಯ್ಯಲಿಲ್ಲ. ನನಗೆ ನಿಜವಾಗಿಯೂ ಅಳು ಬಂತು.

ನಾವಿಬ್ಬರೂ ಕಾರು ನಿಲ್ಲುವುದನ್ನು ಕಾಯುತ್ತ ಕೂತೆವು. ಅದು ನಿಲ್ಲಲಿಲ್ಲ. ಪಟ್ಟದಕಲ್ಲು ಬಂತು, ಹೋಯಿತು. ಕೊನೆಗೆ ಚೊಳಚಗುಡ್ಡದಲ್ಲಿ ಶಿವಪ್ಪನವರ ಮನೆಯ ಮುಂದೆ, ನಾನು ಬ್ರೇಕ್ ಒತ್ತಿದ ಮೇಲೆಯೇ ನಿಂತಿತು. ತಾಯಿ ಬನಶಂಕರಿಯೇ ನಡೆಸಿದಳು ಎಂದು ಮಾವ ಕೈ ಮುಗಿದರು. ನನಗೂ ಬೇರೆ ಕಾರಣ ಹೊಳೆಯಲಿಲ್ಲ.

ಒಳಗೆ ಹೋದಾಗ ಉಪ್ಪಿಟ್ಟು, ಚಹ ಎಲ್ಲ ಮುಗಿದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಶಿವಪ್ಪನವರು ಮಾತ್ರ ಬಾಯಿ ಬಿಟ್ಟಿರಲಿಲ್ಲ. "ಶರಣ್ರಿ" ಎಂದವರೇ ನೆಟ್ಟಗೆ ಹೊರಗೆ ಬಂದು ಕಾರಿನ ಸುತ್ತ ತಿರುಗಿದರು, ಟಾಯರಿಗೆ ಕಾಲಿನಿಂದ ಒದ್ದರು. ಆಮೇಲೆ ಕೇಳಿದರು: "ಆವರೇಜ್ ಎಷ್ಟ ಕೊಡತೈತ್ರಿ?"

ನನ್ನ ಬಾಯಿ ಚಾಳಿಯಂತೆ ತೆರೆಯಿತು. ಅಷ್ಟರಲ್ಲಿ ಮಾವ ಅಡ್ಡ ಬಂದರು. "ಆರೂವರಿ ರೀ. ನಮ್ಮ ಮಾಸ್ತರು ಮೊದಲ ಹತ್ತೂವರಿ ಅಂತಿದ್ರು. ಇವತ್ತ ದಾರ್ಯಾಗ ತಾವ ಬಾಯಿಬಿಟ್ಟು ತಪ್ಪ ಒಪ್ಪಿಕೊಂಡ್ರು. ಇದ್ದದ್ದ ಹೇಳಿಬಿಡತೇನಿ, ಆಮ್ಯಾಲ ನೀವು ಏನರ ಅನ್ರಿ."

ಶಿವಪ್ಪನವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಮೂವತ್ತ ವರ್ಷ ಲಾರಿ ಓಡಿಸೇನ್ರಿ. ಡ್ರೈವರ್ ಕಡಿಮಿ ಹೇಳತಾನ, ಡೀಸೆಲ್ ಮಾರ್ಕೊಳ್ಳಾಕ. ಮಾಲಕ ಜಾಸ್ತಿ ಹೇಳತಾನ, ಗಾಡಿ ಮಾರಾಕ. ಖರೆ ಆವರೇಜ್ ಹೇಳಿದ ಮನುಷ್ಯಾನ್ನ ಇವತ್ತ ನೋಡಿದೆ. ಇಂಥಾ ಸೋದರಮಾವ ಇದ್ದ ಹುಡುಗಗ ಹೆಣ್ಣ ಕೊಡಾಕ ಇನ್ನೇನ ವಿಚಾರ ಮಾಡೂದೈತಿ?" ಒಳಗಿನಿಂದ ಅಕ್ಕ ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದಳು. ನಾಚಿಕೆ, ಸಂತೋಷ ಎರಡನ್ನೂ ಸಕ್ಕರೆಯ ಜೊತೆ ನುಂಗಿದೆ.

ವಾಪಸು ಹೊರಟು ಬಾದಾಮಿಯ ಪಂಪಿನಲ್ಲಿ ನಿಂತಾಗ ಮಾವ ಜೇಬಿನ ಚೀಟಿ ತೆಗೆದು, ಬೆಳಿಗ್ಗೆ ಬರೆದ ಮೀಟರಿನ ಅಂಕಿಯನ್ನೂ ಶಿವಪ್ಪನವರ ಮನೆಯ ಮುಂದೆ ಇಳಿದಾಗ ಬರೆದ ಅಂಕಿಯನ್ನೂ ನೋಡಿದರು. "ಮಾಸ್ತರ, ಶಿವಪ್ಪನವರ ಮನೀತನಾ ಐವತ್ಮೂರು ಓಡೇತಿ ಅಂತೈತಿ ಇದು. ದಾರಿ ಎಂಬತ್ತೈದು. ಇದೇನ ಗಜಾನೋ, ಮೀಟರೋ?" ನನಗೆ ತಿಳಿಯಲಿಲ್ಲ. "ಎಂಟ ಗಜದ ಸೀರಿ ಅಂದ್ರ ಎಂಟ ಮೀಟರ ಅಲ್ಲೋ. ನಮ್ಮ ಮನ್ಯಾಗ ಕೂಸಿಗೂ ಗೊತ್ತೈತಿ. ಅಳತಿ ಯಾವುದು ನೋಡು" ಎಂದರು. ಕಾರು ಬಂದ ದಿನವೇ ಮೀಟರಿನ ಗಾಜಿನ ಮೇಲೆ ನನ್ನ ಹೆಂಡತಿ ಬನಶಂಕರಿಯ ಸಣ್ಣ ಪಟ ಅಂಟಿಸಿದ್ದಳು. ಕ್ಷಮೆ ಕೇಳಿ ಉಗುರಿನಿಂದ ಅಂಚು ಕೆರೆದೆ. ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಮೈಲು ಎಂದಿತ್ತು. ಅಲ್ಲೇ ಲೆಕ್ಕ ಹಾಕಿದೆ. ಆರೂವರೆ ಮೈಲು ಎಂದರೆ ಹೆಚ್ಚುಕಡಿಮೆ ಹತ್ತೂವರೆ ಕಿಲೋಮೀಟರು. ಏಕಮಾನ ಬರೆಯದ ಹುಡುಗರ ಉತ್ತರಕ್ಕೆ ಅರ್ಧ ಅಂಕ ಕತ್ತರಿಸುತ್ತ ಬಂದ ನಾನು, ಎರಡು ವರ್ಷ ಮೈಲನ್ನು ಕಿಲೋಮೀಟರು ಎಂದುಕೊಂಡಿದ್ದೆ. ಹೆಂಡತಿಯನ್ನು ಗಂಟೆಗೆ ಎಪ್ಪತ್ತೆರಡರಲ್ಲಿ ಹಾರಿಸುತ್ತ ನಲವತ್ತೈದು ಎಂದು ಸಮಾಧಾನ ಮಾಡಿದ್ದೆ. ಆದರೂ ಖುಷಿ ತಡೆಯಲಾಗಲಿಲ್ಲ. ನಾನು ಯಾವತ್ತೂ ಸುಳ್ಳು ಹೇಳಿಯೇ ಇರಲಿಲ್ಲ!

"ಮಾವ, ಗಾಡಿ ಹೊಳ್ಳಸತೇನ್ರಿ. ಶಿವಪ್ಪನವರಿಗೆ ಹೇಳಿಬರೂಣು" ಎಂದೆ.

"ಹುಚ್ಚ ಹಿಡದೈತೇನ ನಿನಗ? ಮುಂಜಾನಿ ಆರೂವರಿ, ಸಂಜಿಗೆ ಹತ್ತೂವರಿ ಅಂದ್ರ ಅಂವ ಏನ ತಿಳಕೋತಾನ? ಹುಡುಗನ ಮಾರಿ ನೋಡಿಯಿಲ್ಲೋ? ಮೂರ ವರ್ಷದ ಮ್ಯಾಲ ನಕ್ಕಾನ ಅಂವ. ಇನ್ನ ನೀ ಸಾಯೂತನಾ ಆರೂವರಿ. ತಿಳೀತಿಲ್ಲೋ?"

ತಿಳಿಯಿತು. ಮದುವೆಯೂ ಆಯಿತು, ಹುಡುಗ ಹುಡುಗಿ ಸುಖವಾಗಿದ್ದಾರೆ. ಶಿವಪ್ಪನವರಿಗೆ ನನ್ನ ಮೇಲೆ ಎಷ್ಟು ಅಭಿಮಾನವೆಂದರೆ, ಆ ಕಡೆ ಹೋದರೆ ಕುಳಗೇರಿ ಕ್ರಾಸಿಗೆ ಕರೆದೊಯ್ದು ಡ್ರೈವರುಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರೆ. "ನೋಡ್ರಲೇ, ಖರೆ ಹೇಳೂದು ಇವರನ್ನ ನೋಡಿ ಕಲೀರಿ. ಹೇಳ್ರಿ ಮಾಸ್ತರ, ಎಷ್ಟ ಕೊಡತೈತಿ?" ನಾನು ಗಂಟಲು ಸರಿಮಾಡಿಕೊಂಡು, "ಆರೂವರಿ" ಎನ್ನುತ್ತೇನೆ. ಹೋದ ಸಲ ಒಬ್ಬ ಮುದುಕ ಡ್ರೈವರ್ ಕಾರಿನ ಎಂಜಿನ್ನಿಗೆ ಕಿವಿಗೊಟ್ಟು, ತಲೆ ಕೆರೆದುಕೊಂಡು, "ಇದು ಹತ್ತರ ಮ್ಯಾಲ ಕೊಡಬೇಕಲ್ರಿ ಸಾವಕಾರ್ರ?" ಎಂದ. ಶಿವಪ್ಪನವರ ಕಣ್ಣು ಕೆಂಪಾದವು. "ಮಾಸ್ತರು ಸುಳ್ಳ ಹೇಳತಾರೇನಲೇ? ಕೈ ಮುಗಿ ಮೊದಲ!" ಎಂದು ಗದರಿದರು. ಪಾಪ, ಅವನು ಬಂದು, "ತಪ್ಪಾತ್ರಿ ಸರ" ಎಂದು ನನ್ನ ಮುಂದೆ ಕೈ ಮುಗಿದು ನಿಂತ. ನಾನು ಅವನನ್ನು ಕ್ಷಮಿಸಿದೆ.