ಅತ್ತೆಯವರ ಮೆಕಿನ್ನಿ ಸಂಚಿಕೆ

ನಮ್ಮ ಅತ್ತೆಯವರ ಕೈಗೆ ಒಂದು ಮಗ್ಗುಲು ಖಾಲಿ ಇರುವ ಕಾಗದ ಸಿಕ್ಕಿತೆಂದರೆ ಮುಗಿಯಿತು, ಅದು ಸಾಹಿತ್ಯವಾಗಿಬಿಡುತ್ತದೆ! ವಿದೇಶದ ಈ ಮೆಕಿನ್ನಿ ಊರಿನ ನಮ್ಮ ಮನೆಯಲ್ಲಿ ಪಿಜ್ಜಾ ಕೂಪನ್ನು, ಮಗಳ ಹೋಮ್‌ವರ್ಕು ಯಾವುದೂ ಬಚಾವಾಗಿಲ್ಲ. ಹೊಸ ನೋಟ್‌ಬುಕ್ ಕೊಟ್ಟರೆ ಮಾತ್ರ ಭದ್ರವಾಗಿ ಬೀರುವಿನಲ್ಲಿಡುತ್ತಾರೆ.

ಏನು ಮಾಡುವುದು? ಬೆಂಗಳೂರಿನ ಗಡಿಯಾರದ ಫ್ಯಾಕ್ಟರಿಯೊಂದರಲ್ಲಿ ಇಪ್ಪತ್ತಾರು ವರ್ಷ ಮುಳ್ಳು ಜೋಡಿಸಿದವರು. ಅಲ್ಲಿ ತಪಾಸಣೆ ಚೀಟಿಗಳ ಬೆನ್ನಿಗೆ ಕಥೆ, ಕವನ, ಸೂಪರ್‌ವೈಸರ್ ನಿಂದೆ ಎಲ್ಲ ಬರೆದು, ಸೂಜಿದಾರದಲ್ಲಿ ಹೊಲಿದು, ಹೆಂಗಸರೇ ಪತ್ರಿಕೆ ನಡೆಸುತ್ತಿದ್ದರಂತೆ. ಟಿಫಿನ್ ಕ್ಯಾರಿಯರ್‌ನ ತಳದ ಡಬ್ಬಿಯಲ್ಲಿ ಬೆಂಚಿನಿಂದ ಬೆಂಚಿಗೆ ಪ್ರಸಾರ. ಚಂದಾ? ಒಂದು ಚಮಚ ಉಪ್ಪಿನಕಾಯಿ!

ಹೋದ ವರ್ಷ ಕಾಲೊನಿಯ ಸಂಘದಿಂದ, ಹುಲ್ಲು ಕತ್ತರಿಸಿ ಇಲ್ಲವೇ ಕಾರಣ ತಿಳಿಸಿ ಎಂದು ನೋಟೀಸು ಬಂತು. ನನ್ನ ಗಂಡ ಸಹಿ ಹಾಕಿ ವಾಪಸ್ ಕಳಿಸಿದರು, ಹಿಂಬದಿ ನೋಡಲಿಲ್ಲ. ಅಲ್ಲಿ ಒತ್ತೊತ್ತಾಗಿ ಅತ್ತೆಯವರ ಕನ್ನಡ ಕಥೆ! ವಾರದೊಳಗೆ ಉತ್ತರ: ನಿಮ್ಮ ವಿವರವಾದ ಮನವಿ ತಲುಪಿದೆ, ಇನ್ನೂ ಮೂವತ್ತು ದಿನ ಸಮಯ ಕೊಟ್ಟಿದ್ದೇವೆ.

"ನೋಡಿದ್ಯೇನಮ್ಮಾ, ಅರ್ಥ ಆಗ್ದೇ ಇದ್ರೂ ಹೆದರ್ಕೊಂಡ್ರು!" ಎಂದರು ಅತ್ತೆ.

ಈ ಸಲ ಕನ್ನಡ ಸಂಘದವರು ಹಬ್ಬದ ಸಂಚಿಕೆಗೆ ಲೇಖನ ಕೇಳಿದರು. ಅತ್ತೆ ಬರೆದದ್ದು ಫ್ಯಾಕ್ಟರಿಯಲ್ಲಿ ಪಕ್ಕದ ಬೆಂಚಿನಲ್ಲಿದ್ದ ಗೆಳತಿಯ ಬಗ್ಗೆ. ಆಕೆ ಏಳು ತಿಂಗಳ ಬಸುರಿ. ಎರಡು ಸಲ ಬಚ್ಚಲಿಗೆ ಹೋದಳೆಂದು ಸೂಪರ್‌ವೈಸರ್ ಎಲ್ಲರೆದುರು ನಿಲ್ಲಿಸಿದನಂತೆ. ಕೊನೆಗೆ ಆ ಸಾಲಿನ ಹೆಂಗಸರೆಲ್ಲ ಕೆಲಸ ಬಿಟ್ಟು ತಾವೂ ಎದ್ದು ನಿಂತರಂತೆ.

ಸಂಪಾದಕರ ಫೋನು ಬಂತು. "ಆಂಟಿ, ತುಂಬಾ ಚೆನ್ನಾಗಿದೆ. ಆದ್ರೆ ಹಬ್ಬದ ಇಶ್ಯೂ ನೋಡಿ, ಆ ನಿಲ್ಲಿಸಿದ್ದನ್ನ ಡಿಲೀಟ್ ಮಾಡಿ ಕ್ಯಾಂಟೀನ್ ಉಪ್ಪಿಟ್ಟಿನ ಬಗ್ಗೆ ಎರಡು ಪ್ಯಾರಾ ಹಾಕೋಣ್ವಾ?"

"ಹಾಕಪ್ಪಾ. ಉಪ್ಪಿಟ್ಟಲ್ಲಿ ಹುಳ ಇತ್ತು, ಅದನ್ನೂ ಹಾಕ್ತೀಯಾ?"

ಫೋನ್ ಕಟ್! ನಾನು ಮೊದಲೇ ಪುಕ್ಕಲಿ. "ನಾಲ್ಕೇ ಸಾಲು ತಾನೇ ಅತ್ತೆ, ಬಿಟ್ಬಿಡಿ" ಎಂದೆ.

"ನಿಂಗೆ ನಾಲ್ಕು ಸಾಲು. ಅವಳು ನಿಂತಿದ್ದು ನಾಲ್ಕು ಗಂಟೆ."

ಮರುದಿನವೇ ನಮ್ಮ ಊಟದ ಮೇಜು ಮುದ್ರಣಾಲಯವಾಯಿತು. ಅಕ್ಕಪಕ್ಕದ ಊರುಗಳಾದ ಅಲೆನ್, ಲೂಯಿಸ್‌ವಿಲ್‌ನಿಂದ ಮೂವರು ಅಜ್ಜಿಯರು ನಮ್ಮದೇ ಸಂಚಿಕೆಯ ಹೊಲಿಗೆಗೆ ಬಂದರು. ಸ್ಟೇಪ್ಲರ್ ಮುಟ್ಟಿದ್ದಕ್ಕೆ ನನಗೆ ಬೈಗುಳ! ಹಬ್ಬದ ದಿನ ವೇದಿಕೆಯ ಮೇಲೆ ಸಂಘದ ಸಂಚಿಕೆ ಬಿಡುಗಡೆಯಾಗುತ್ತಿದ್ದರೆ, ನಮ್ಮದು ಬಿಸಿಬೇಳೆಬಾತಿನ ಸಾಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಸಂಪಾದಕರಿಗೂ ಒಂದು ಪ್ರತಿ ಕೊಟ್ಟು, "ನಿಂತ್ಕೊಂಡೇ ಓದಪ್ಪಾ" ಎಂದರು ಅತ್ತೆ.

ಮಾರನೆಯ ಬೆಳಿಗ್ಗೆ ಬೆಂಗಳೂರಿಗೆ ಫೋನ್ ಮಾಡಿ, ಈಗ ಕಣ್ಣು ಕಾಣದ ಆ ಗೆಳತಿಗೆ ಪೂರ್ತಿ ಓದಿ ಹೇಳಿದರು. ಓದಿ ಮುಗಿದದ್ದೇ ಸ್ಪೀಕರಿನಲ್ಲಿ ಗೆಳತಿಯ ದನಿ ಬಂತು.

"ನನ್ನ ನಿಲ್ಲಿಸಿದ್ದೂ ಹಾಕಿದ್ಯಲ್ಲೇ."

"ಮೊದಲ್ನೇ ಪುಟದಲ್ಲೇ ಹಾಕಿದೀನಿ ಕಣೇ."

"ಇಷ್ಟು ವರ್ಷ ನಾಚ್ಕೊಂಡು ಮಗನಿಗೂ ಹೇಳಿರ್ಲಿಲ್ಲ. ತಡಿ, ಕರೀತೀನಿ, ಇನ್ನೊಂದ್ಸಲ ಓದು. ಅವತ್ತು ಅವನೂ ನನ್ನ ಜೊತೆ ನಿಂತಿದ್ನಲ್ಲ."

ಅತ್ತೆಯವರು ಮತ್ತೆ ಮೊದಲನೇ ಪುಟ ತೆರೆದರು. ಬಿಟ್ಟುಬಿಡಿ ಎಂದಿದ್ದ ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು. ಅವರ ಕೈಯಿಂದ ಕಾಗದ ತೆಗೆದುಕೊಂಡು, ಎದ್ದು ನಿಂತು, ಎರಡನೆಯ ಸಲ ನಾನು ಓದಿದೆ.