ಬಾನೆಟ್ಟು ಎತ್ತಿದ ಅತ್ತೆ

ನಮ್ಮ ಅತ್ತೆ ಅಳಿಯನನ್ನು ಆರಿಸಿದ್ದು ಜಾತಕ ನೋಡಿ ಅಲ್ಲ, ಎಂಜಿನ್ ಆಯಿಲ್ ನೋಡಿ. ಇದನ್ನು ಹೇಳಿದರೆ ಸ್ಟಾಫ್ ರೂಮಿನಲ್ಲಿ ಯಾರೂ ನಂಬುವುದಿಲ್ಲ. ನಂಬದವರು ಬಸವಕಲ್ಯಾಣಕ್ಕೆ ಹೋಗಿ ಯಾವ ಗ್ಯಾರೇಜಿನ ಮುಂದೆ ಬೇಕಾದರೂ ನಿಂತು ವಿಚಾರಿಸಬಹುದು. ಅಲ್ಲಿ ಅವರ ಹೆಸರು ಹೇಳಿದರೆ ಮೆಕ್ಯಾನಿಕ್‌ಗಳು ಬಾಯಲ್ಲಿರುವ ಬೀಡಿ ತೆಗೆದು ಮಾತಾಡುತ್ತಾರೆ.

ಮಾವನವರು ಆ ಊರಿನಲ್ಲಿ ಜೀಪು ರಿಪೇರಿಯ ಗ್ಯಾರೇಜು ಇಟ್ಟಿದ್ದರು. ನಾನು ಅವರನ್ನು ಕಂಡವನಲ್ಲ. ನನ್ನ ಮದುವೆಗಿಂತ ಬಹಳ ಮೊದಲೇ ತೀರಿಕೊಂಡಿದ್ದರು. ಈಗ ಆ ಗ್ಯಾರೇಜನ್ನು ಅವರ ಕೈಯಲ್ಲಿ ಕೆಲಸ ಕಲಿತ ರಫೀಕ್ ಭಾಯಿ ನಡೆಸುತ್ತಾರೆ. ಅತ್ತೆ ದಿನಾ ಬೆಳಗ್ಗೆ ರೊಟ್ಟಿ ಬಡಿದು ಮುಗಿಸಿ, ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂಡುತ್ತಾರೆ. "ಅಮ್ಮಾ ಏನೂ ಕೆಲಸ ಮಾಡಂಗಿಲ್ರಿ" ಎನ್ನುತ್ತಾರೆ ರಫೀಕ್ ಭಾಯಿ. ಸ್ವಲ್ಪ ಹೊತ್ತು ಬಿಟ್ಟು, "ನಮಗೂ ಮಾಡಾಕ ಬಿಡಂಗಿಲ್ರಿ" ಎಂದು ಸೇರಿಸುತ್ತಾರೆ.

ಅತ್ತೆ ಇದುವರೆಗೆ ಸ್ಟೇರಿಂಗ್ ಹಿಡಿದವರಲ್ಲ. ಹಿಡಿಯುವ ಆಸೆಯೂ ಇಲ್ಲ. ಗಾಡಿ ಓಡಿಸುವವರ ಬಗ್ಗೆ ಅವರಿಗೆ ಇರುವ ಗೌರವ, ಡಾಕ್ಟರಿಗೆ ರೋಗಿಯ ಬಗ್ಗೆ ಇರುವಷ್ಟು.

ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವನು. ಯಾವ ಸಂಧಿ ಕೊಟ್ಟರೂ ಬಿಡಿಸಬಲ್ಲೆ, ಬಾನೆಟ್ಟು ಬಿಡಿಸಲಾರೆ. ನಾಲ್ಕು ವರ್ಷದ ಹಿಂದೆ, ಯಾರೋ ಇಬ್ಬರು ಉಪಯೋಗಿಸಿ ಬಿಟ್ಟ ನನ್ನ ಪುಟ್ಟ ಕಾರಿನಲ್ಲಿ ಅವ್ವನನ್ನೂ ಅಣ್ಣನನ್ನೂ ಕೂರಿಸಿಕೊಂಡು ಕನ್ಯೆ ನೋಡಲು ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಮಂಡಕ್ಕಿಯ ಸುಸಲಾ ಬಂತು, ಚಹಾ ಬಂತು, ಕನ್ಯೆಯೂ ಬಂದಳು. ಕನ್ಯೆಯ ತಾಯಿ ಮಾತ್ರ ಇಲ್ಲ. ಅವ್ವ ಕಿಟಕಿಯಿಂದ ಹೊರಗೆ ನೋಡಿ ಗಾಬರಿಯಾದಳು. ಬೀಗತಿಯಾಗಬೇಕಾದವರು ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮ್ಮ ಕಾರಿನ ಬಾನೆಟ್ಟಿನೊಳಗೆ ಮೊಣಕೈವರೆಗೆ ಇಳಿದಿದ್ದರು.

ಕೊನೆಗೆ ಒಳಗೆ ಬಂದರು. ಬೆರಳಿನಲ್ಲಿ ಕಪ್ಪು ಜಿಡ್ಡು. ಅದನ್ನು ಹೆಬ್ಬೆರಳಿನಿಂದ ತಿಕ್ಕಿ, ಮೂಸಿ, ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

"ಎಣ್ಣಿ ಬದಲಿ ಮಾಡಿ ಎಷ್ಟ ದಿನ ಆತ್ರಿ?"

ಮನೆತನದ ಊಟ ಉಪಚಾರ ವಿಚಾರಿಸುತ್ತಿದ್ದಾರೆ ಎಂದುಕೊಂಡೆ. ವಿನಯದಿಂದ ಹೇಳಿದೆ: "ಮೂರು ತಿಂಗಳಾತ್ರಿ. ಮೊದಲ ಕುಸುಬಿ ಎಣ್ಣಿ ಇತ್ತು, ಈಗ ಶೇಂಗಾ ಎಣ್ಣಿ ಹಿಡಿದೀವಿ."

ಕನ್ಯೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಅಣ್ಣ ಚಹಾದ ಬಟ್ಟಲಿನಲ್ಲಿ ಮುಖ ಮುಚ್ಚಿಕೊಂಡ. ಸಂಬಂಧ ಕೆಟ್ಟಿತು ಎಂದು ಅವ್ವ ದಾರಿಯುದ್ದಕ್ಕೂ ನನ್ನನ್ನು ಬೈದಳು. ಮರುದಿನ ಒಪ್ಪಿಗೆ ಬಂತು. ಅತ್ತೆ ಮಗಳಿಗೆ ಹೇಳಿದ್ದಂತೆ: "ಕಾರಿಂದು ಹೊಟ್ಟಿ ಪೂರಾ ಖರಾಬ್ ಅದ. ಆದ್ರ ಹುಡುಗ ತಿಳೀಲಾರದ್ದು ತಿಳಿದಂಗ ನಟನಾ ಮಾಡಂಗಿಲ್ಲ. ಅಂಥಾವ ಸುಧಾರಿಸ್ತಾನ."

ಸುಧಾರಿಸಿದ್ದೇನೆಯೋ ಇಲ್ಲವೋ, ಅದನ್ನು ನನ್ನ ಹೆಂಡತಿ ಸುವರ್ಣಾ ಹೇಳಬೇಕು.

ಮದುವೆಯಾದ ಮೇಲೆ ಅತ್ತೆಯ ಚಿಕಿತ್ಸಾ ಕ್ರಮ ನನಗೆ ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು. ಕಾರಿಗೆ ನೆಗಡಿ ಬರುತ್ತದೆ, ಪಿತ್ತ ಏರುತ್ತದೆ, ದಮ್ಮು ಹತ್ತುತ್ತದೆ. ಎಂಜಿನ್ನಿನ ಸದ್ದು ಪರೀಕ್ಷಿಸಲು ಅವರ ಬಳಿ ಇರುವ ಉಪಕರಣ ಒಂದು ಲಟ್ಟಣಿಗೆ. ಅದರ ಒಂದು ತುದಿಯನ್ನು ಎಂಜಿನ್ನಿನ ಮೇಲೆ ಊರಿ, ಇನ್ನೊಂದನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚುತ್ತಾರೆ. ಆಗ ಸುತ್ತಮುತ್ತ ಯಾರೂ ಕೆಮ್ಮುವಂತಿಲ್ಲ. ಮನೆಯಲ್ಲಿ ಇರುವ ಲಟ್ಟಣಿಗೆ ಎರಡು: ಒಂದು ಚಪಾತಿಗೆ, ಒಂದು ಗಾಡಿಗೆ. ಅವೆರಡೂ ಯಾವತ್ತೂ ಅದಲು ಬದಲಾಗಿಲ್ಲ ಎಂದು ಅತ್ತೆ ಆಣೆ ಮಾಡುತ್ತಾರೆ. ಆದರೆ ಒಂದು ಯುಗಾದಿಗೆ ನಾನು ತಿಂದ ಹೋಳಿಗೆಯಲ್ಲಿ ಗೇರ್ ಆಯಿಲ್ಲಿನ ಸುವಾಸನೆ ಇತ್ತು. ಪಕ್ಕದಲ್ಲಿ ಕುಳಿತಿದ್ದ ರಫೀಕ್ ಭಾಯಿ ಎರಡನೆಯದು ಹಾಕಿಸಿಕೊಂಡು, "ಇಂಥಾ ರುಚಿ ಬ್ಯಾರೆ ಕಡಿ ಸಿಗಂಗಿಲ್ರಿ" ಎಂದರು. ಸಿಗುವುದಾದರೂ ಹೇಗೆ?

ಅತ್ತೆಯ ನಿಜವಾದ ವಿದ್ಯೆ ನನಗೆ ಗೊತ್ತಾದದ್ದು ಮನ್ನಾಏಖೇಳ್ಳಿಯಲ್ಲಿ. ನಾನೂ ಸುವರ್ಣಾನೂ ಒಂದು ಮದುವೆ ಮುಗಿಸಿ ಹುಮನಾಬಾದಿಗೆ ಮರಳುತ್ತಿದ್ದೆವು. ಚೈತ್ರದ ಬಿಸಿಲು. ಕಾರಿನ ಉಷ್ಣತೆ ತೋರಿಸುವ ಮುಳ್ಳು ಮೇಲೆ ಹೋಗಿ, ಇನ್ನು ಹೋಗಲು ಜಾಗವಿಲ್ಲದೆ ನಿಂತಿತು. ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿ, ಅತ್ತೆಗೆ ಫೋನ್ ಮಾಡಿದೆ.

"ಎಂಜಿನ್ ಬಂದ್ ಮಾಡಬ್ಯಾಡ್ರಿ. ಫೋನ್ ಅದರ ಬಲ್ಲಿ ಹಿಡೀರಿ" ಎಂದರು.

ಹಿಡಿದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಸ್ಸು ಮರೆತು ನನ್ನ ಸುತ್ತ ನೆರೆದರು. ರುಮಾಲಿನ ಹಿರಿಯರೊಬ್ಬರು ಮರ್ಯಾದೆಯಿಂದ ಕೇಳಿದರು: "ಸರ್, ಏನ್ ಮಾಡಾಕತ್ತೀರಿ?"

"ನಮ್ಮ ಅತ್ತಿ ಜೋಡಿ ಮಾತಾಡ್ಸಾಕತ್ತೀನ್ರಿ."

"ಯಾರನ್ನ?"

"ಕಾರನ್ನ."

ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಅಷ್ಟರಲ್ಲಿ ಫೋನಿನಿಂದ ತೀರ್ಪು ಬಂತು. "ಪಂಖಾ ತಿರುಗವಲ್ದು. ಅದರ ಸಪ್ಪಳನೇ ಇಲ್ಲ. ಈಗ ಬಂದ್ ಮಾಡ್ರಿ. ರೇಡಿಯೇಟರ್ ಮುಚ್ಚಳ ಮುಟ್ಟಿದ್ರ ನೋಡ್ರಿ ಮತ್ತ, ಮಾರಿ ಸುಟ್ಕೊಂಡ ಗಂಡನ್ನ ನನ್ನ ಮಗಳು ದಿನಾ ನೋಡಬೇಕಾಗ್ತದ. ಫ್ಯೂಜಿನ ಡಬ್ಬಿ ತಗೀರಿ."

ಡಬ್ಬಿ ಯಾವುದು, ಫ್ಯೂಜು ಯಾವುದು ಎಂದು ತಿಳಿಯಲು ಅರ್ಧ ತಾಸು ಹಿಡಿಯಿತು. ಎಂಜಿನ್ ತಂಪು ಮಾಡುವ ಪಂಖದ ಫ್ಯೂಜು ಸುಟ್ಟಿತ್ತು. ಅದೇ ಬಣ್ಣದ್ದು ಹಾರ್ನಿನಲ್ಲಿ ಇರುತ್ತದೆ, ಅದನ್ನು ಕಿತ್ತು ಇಲ್ಲಿ ಹಾಕಿ ಎಂದು ಅಪ್ಪಣೆಯಾಯಿತು. ಹಾಕಿದೆ, ಪಂಖ ತಿರುಗಿತು, ಮುಳ್ಳು ಇಳಿಯಿತು. ಆದರೆ ಹಾರ್ನ್ ಇಲ್ಲ. ಹುಮನಾಬಾದ್ ಮುಟ್ಟುವವರೆಗೆ ಸುವರ್ಣಾ ಮದುವೆಯ ರೇಷ್ಮೆ ಸೀರೆಯಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸರೀರಿ, ಏ ಅಣ್ಣಾ, ಜರಾ ಸರೀರಿ" ಎಂದು ಕೂಗುತ್ತ ಬಂದಳು. ಲಾರಿಯವರು ಯಾವ ಹಾರ್ನಿಗೂ ಇಷ್ಟು ಬೇಗ ದಾರಿ ಬಿಟ್ಟದ್ದನ್ನು ನಾನು ಕಂಡಿಲ್ಲ.

ಹಾಗೆಂದು ಅತ್ತೆ ಸೋತೇ ಇಲ್ಲ ಎನ್ನುವಂತಿಲ್ಲ. ಒಮ್ಮೆ ಕಾರು ಏರಿನಲ್ಲಿ ಉಬ್ಬಸ ಪಡತೊಡಗಿತು. ಹುಮನಾಬಾದಿನ ಒಂದು ಸರ್ವಿಸ್ ಸೆಂಟರಿಗೆ ಒಯ್ದೆ, ಅತ್ತೆಯೂ ಬಂದರು. ಅಲ್ಲಿನ ಸೂಪರ್‌ವೈಸರು ಕಾರಿಗೆ ಒಂದು ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ನೋಡಿ, ಸೆನ್ಸಾರ್ ಹೋಗಿದೆ ಎಂದರು. ಅತ್ತೆ ಲಟ್ಟಣಿಗೆ ಹಚ್ಚಿ, ಗಾಳಿಯ ಪೈಪು ಸೀಳಿದೆ ಎಂದರು.

"ರೋಗಿ ಎದುರಿಗೇ ಅದ. ಅದನ್ನ ಬಿಟ್ಟು ನೀವು ಕಂಪ್ಯೂಟರ್ ಮಾರಿ ನೋಡ್ತೀರಲ್ಲ" ಎಂದು ಸೂಪರ್‌ವೈಸರಿಗೆ ಪಾಠ ಹೇಳಿದರು. ಪೈಪು ಬಿಚ್ಚಿ ನೋಡಿದರೆ ಅದು ಹೊಚ್ಚ ಹೊಸದರಂತಿತ್ತು. ಸೆನ್ಸಾರ್ ಬದಲಿಸಿದ ಮೇಲೆ ಕಾರು ಸರಿಯಾಯಿತು. ಅತ್ತೆ ಲಟ್ಟಣಿಗೆಯನ್ನು ಸೆರಗಿನಿಂದ ಒರೆಸುತ್ತ, "ಕುರುಡು ಕೋಳಿಗೂ ಒಮ್ಮೊಮ್ಮಿ ಕಾಳು ಸಿಗ್ತದ" ಎಂದರು. ಆದರೆ ಹೊರಡುವ ಮೊದಲು ಅದೇ ಸೂಪರ್‌ವೈಸರರ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ಆ ಯಂತ್ರ ಏನೇನು ಹೇಳುತ್ತದೆ ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡರು. ಪಾಪ, ಆ ಮನುಷ್ಯ ಅವತ್ತು ಮಧ್ಯಾಹ್ನದ ಊಟ ಮಾಡಿದ್ದು ಸಂಜೆಗೆ.

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಹೇಳಬೇಕು.

ಹೋದ ವರ್ಷ ಹುಲಸೂರಿನ ಒಂದು ಶಾಲೆಯಲ್ಲಿ ಸುವರ್ಣಾ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅವಳು ಸ್ನಾನಕ್ಕೆ ಹೋಗಿದ್ದಾಗ ಅಲ್ಲಿನ ಹೆಡ್ ಮಾಸ್ತರರ ಫೋನ್ ಬಂತು. ನಾನೇ ಎತ್ತಿದೆ. ಕೆಲಸ ಸಿಕ್ಕಿದೆ, ಸೋಮವಾರ ಬರಬಹುದೇ ಎಂದರು. "ಆಕಿಗಿ ಆಗಂಗಿಲ್ರಿ, ಭಾಳ ದೂರ ಆಗ್ತದ" ಎಂದುಬಿಟ್ಟೆ. ಅವಳ ಒಳ್ಳೆಯದಕ್ಕೇ ಹೇಳಿದೆ ಎಂದು ಆಗ ನಿಜವಾಗಿ ನಂಬಿದ್ದೆ. ಬಾಗಿಲಲ್ಲಿ ಒದ್ದೆ ಕೂದಲಲ್ಲಿ ನಿಂತು ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೂಗಾಡಲಿಲ್ಲ. ಬ್ಯಾಗಿಗೆ ಬಟ್ಟೆ ತುಂಬಿಕೊಂಡಳು.

"ಹುಲಸೂರ ದೂರ ಆಗ್ತದ ಅಂದ್ರಲ್ಲ. ಬಸವಕಲ್ಯಾಣದಿಂದ ಹತ್ರ ಅದ. ಅಲ್ಲೇ ಹೊಂಟೀನಿ" ಎಂದಳು.

ಭೂಗೋಳದ ಲೆಕ್ಕದಲ್ಲಿ ಅವಳ ಮಾತು ಸರಿಯಾಗಿತ್ತು. ತವರಿಗೆ ಹೋಗಿ, ಹೆಡ್ ಮಾಸ್ತರರಿಗೆ ತಾನೇ ಫೋನ್ ಮಾಡಿ, ಸೋಮವಾರದಿಂದ ಕೆಲಸಕ್ಕೆ ಸೇರಿದಳು. ನನ್ನ ಫೋನ್ ಮಾತ್ರ ಎತ್ತಲಿಲ್ಲ. ಹನ್ನೊಂದು ದಿನ ನಾನು ಬೆಳಗ್ಗೆ ಬ್ರೆಡ್ಡು, ರಾತ್ರಿ ಅವಲಕ್ಕಿ ತಿಂದೆ. ಹೋಗಿ ತಪ್ಪಾಯಿತು ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಗೆ ಸುಮ್ಮನೆ ಹೋಗಲು ಗಂಡಸಿಗೆ ಒಂದು ಕಾರಣ ಬೇಡವೇ? ಬಸವಕಲ್ಯಾಣಕ್ಕೆ ಹೋಗಲು ನನಗೆ ಕಾರಣ ಅಂತ ಇದ್ದದ್ದು ಒಂದೇ: ಕೆಟ್ಟ ಕಾರು. ದುರದೃಷ್ಟಕ್ಕೆ ಅದು ಆಗ ಚೆನ್ನಾಗಿತ್ತು.

ಹನ್ನೆರಡನೆಯ ದಿನ ಶನಿವಾರ. ಬೆಳಗಿನ ಕ್ಲಾಸು ಮುಗಿಸಿ ನೇರ ಹೊರಟೆ. ಹೆದ್ದಾರಿ ಬಿಟ್ಟು ಊರಿನ ದಾರಿಗೆ ಹೊರಳುವ ಸಸ್ತಾಪುರ ಬಂಗ್ಲಾದ ಹತ್ತಿರ ಒಂದು ಬೇವಿನ ಕೆಳಗೆ ಕಾರು ನಿಲ್ಲಿಸಿ, ಜೀವನದಲ್ಲಿ ಮೊದಲ ಸಲ ಯಾರೂ ಹೇಳದೆ ಬಾನೆಟ್ಟು ಎತ್ತಿದೆ. ಎಂಜಿನ್ನಿನ ಮೇಲೆ ಸಾಲಾಗಿ ನಾಲ್ಕು ದಪ್ಪ ವೈರು. ಸ್ಪಾರ್ಕ್ ಪ್ಲಗ್ಗಿಗೆ ಬೆಂಕಿ ಒಯ್ಯುವ ವೈರುಗಳು ಇವೇ ಎಂದು ಅತ್ತೆ ತೋರಿಸಿದ್ದು ನೆನಪಿತ್ತು. ಒಂದನ್ನು ಎಳೆದು ಸಡಿಲು ಮಾಡಿದೆ. ಅಲ್ಲಿಂದ ಕಾರು ಮೂರು ಕಾಲಿನ ಎಮ್ಮೆಯ ಹಾಗೆ ಕುಂಟುತ್ತ, ನಡುಗುತ್ತ, ನನ್ನ ಹಲ್ಲುಗಳನ್ನು ಒಂದಕ್ಕೊಂದು ಬಡಿಯುತ್ತ ಅತ್ತೆಯ ಮನೆ ಮುಟ್ಟಿತು.

ಅತ್ತೆ ಹೊರಗೆ ಬಂದರು. ಬಾಗಿಲ ಹಿಂದೆ ಸುವರ್ಣಾಳ ಸೀರೆಯ ಅಂಚು ಕಂಡಿತು, ಮುಖ ಕಾಣಲಿಲ್ಲ.

"ಕಾರ್ ಭಾಳ ತ್ರಾಸ್ ಕೊಡಾಕತ್ತದ್ರಿ ಅತ್ತೀ" ಎಂದೆ, ಬಾಗಿಲಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಅತ್ತೆ ಬಾನೆಟ್ಟು ಎತ್ತಿದರು. ಲಟ್ಟಣಿಗೆ ತರಲೇ ಇಲ್ಲ. ಆ ವೈರಿನ ಕಪ್ಪು ಟೋಪಿಯ ಮೇಲೆ ಬಿಳಿಯ ಬೆರಳಚ್ಚು ಮೂಡಿದ್ದನ್ನು ನಾನೂ ಆಗಲೇ ಕಂಡೆ. ಕ್ಲಾಸಿನಿಂದ ಬಂದವನು ಕೈ ತೊಳೆದಿರಲಿಲ್ಲ, ಸೀಮೆಸುಣ್ಣ. ಅವರು ಆ ಗುರುತು ನೋಡಿದರು. ನನ್ನ ಕೈ ನೋಡಿದರು. ಕೈಯನ್ನು ಹಿಂದೆ ಕಟ್ಟಿಕೊಂಡೆ. ಅವರು ಬಾಗಿಲ ಕಡೆ ತಿರುಗಿ ಮಗಳನ್ನು ಕರೆದರು.

"ತಂಗೀ, ಬಾ ಇಲ್ಲಿ. ಇದು ದೊಡ್ಡ ಬ್ಯಾನಿ ಅದ. ಮಾಸ್ತರು ಎಕ್ಸಲೇಟರ್ ಒತ್ತಲಿ, ನೀ ಬಾಜೂಕ ಕೂತು ಮುಳ್ಳು ನೋಡು. ನಾ ಹೇಳೂತನಾ ಇಬ್ರೂ ಇಳೀಬ್ಯಾಡ್ರಿ."

ಸುವರ್ಣಾ ಬಂದು ಕುಳಿತಳು. ಎದುರಿಗೆ ಎತ್ತಿದ ಬಾನೆಟ್ಟು ಅಂತರಪಟದ ಹಾಗೆ ನಿಂತಿತ್ತು. ಅದರ ಆಚೆ ಅತ್ತೆ ಬೋಲ್ಟು ಬಿಚ್ಚುವ ಪಾನಾದಿಂದ ಏನನ್ನೋ ಟಣ್ ಟಣ್ ಬಡಿಯುತ್ತಿದ್ದರು.

"ಎಷ್ಟು ಒತ್ತಲಿ?" ಎಂದೆ.

"ಅಷ್ಟೇ ಸಾಕು" ಎಂದಳು ಮುಳ್ಳು ನೋಡುತ್ತ.

ಟಣ್ ಟಣ್.

"ಊಟ ಮಾಡಾಕತ್ತೀರೋ ಇಲ್ಲೋ? ಗಲ್ಲ ಒಳಗ ಹೋಗ್ಯಾವ" ಎಂದಳು ಸುವರ್ಣಾ.

ನಾನು ಎಕ್ಸಲೇಟರ್ ಬಿಟ್ಟೆ. "ನಿನ್ನ ಮಾತು ನಾ ಆಡಬಾರದಿತ್ತು" ಎಂದೆ. ದಾರಿಯಲ್ಲಿ ಇನ್ನೂ ಚಂದದ ವಾಕ್ಯಗಳನ್ನು ಕಟ್ಟಿಕೊಂಡು ಬಂದಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ.

ಅವಳು ಮುಳ್ಳು ನೋಡುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ, "ನನಗ ಕೇಳೇ ಇಲ್ಲ ನೀವು" ಎಂದಳು. "ಕೇಳಿದ್ರ ನಾನೇ ದೂರ ಆಗ್ತದ ಅಂತಿದ್ನೇನೋ. ಆದ್ರ ಕೇಳಬೇಕಿತ್ತು."

ನಂತರ ಶಾಲೆಯ ಮಾತು ಬಂತು. ಆರನೆಯ ತರಗತಿಯವರು ಅವಳನ್ನು ಮೊದಲ ದಿನವೇ ಭಿನ್ನರಾಶಿಯಲ್ಲಿ ಹೇಗೆ ಸಿಕ್ಕಿಸಿದರು, ಅವಳು ಅವರನ್ನು ರೊಟ್ಟಿ ಹರಿದು ಹೇಗೆ ಗೆದ್ದಳು ಎಂಬುದನ್ನೆಲ್ಲ ಕೈ ಆಡಿಸುತ್ತ ಹೇಳಿದಳು. ಮೂರು ವರ್ಷದಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೇಳಿಸಿಕೊಂಡಿರಲಿಲ್ಲ ಎಂದರೆ ಸರಿಯಾದೀತು. ಇನ್ನು ಮುಂದೆ ನಾನೇ ಬಸವಕಲ್ಯಾಣದಲ್ಲಿದ್ದು ಹುಮನಾಬಾದಿಗೆ ಓಡಾಡುತ್ತೇನೆ ಎಂದೆ. "ಅವ್ವನ ಜೋಡಿ ಒಂದೇ ಮನಿಯಾಗ? ಖರೇ ತಡ್ಕೋತೀರಿ?" ಎಂದು ಕೇಳಿ, ಹನ್ನೆರಡು ದಿನಗಳಲ್ಲಿ ಮೊದಲ ಸಲ ನಕ್ಕಳು.

ಬಾನೆಟ್ಟು ಬಿದ್ದದ್ದು ಮುಕ್ಕಾಲು ತಾಸಿನ ಮೇಲೆ. "ಆತು" ಎಂದರು ಅತ್ತೆ. ಸುವರ್ಣಾ ರೊಟ್ಟಿ ಬಡಿಯಲು ಒಳಗೆ ಹೋದಳು.

ಅಂಗಳದ ನಲ್ಲಿಯ ಹತ್ತಿರ ಅತ್ತೆ ಸಾಬೂನು ಪುಡಿ ಹಚ್ಚಿ ಕೈ ತಿಕ್ಕಿಕೊಳ್ಳುತ್ತಿದ್ದರು. ನಾನು ನೀರು ಹಾಕಲು ತಂಬಿಗೆ ಹಿಡಿದು ನಿಂತೆ.

"ಅತ್ತೀ, ಆ ವೈರು..." ಎಂದು ಶುರು ಮಾಡಿದೆ.

"ಗೊತ್ತದ ಬಿಡ್ರಿ" ಎಂದರು. ಸ್ವಲ್ಪ ಹೊತ್ತು ಉಗುರಿನ ಸಂದಿಯ ಜಿಡ್ಡು ತೆಗೆಯುತ್ತಿದ್ದರು. ಆಮೇಲೆ ತಲೆ ಎತ್ತದೆಯೇ ಹೇಳಿದರು.

"ಮದಿವಿ ಆದ ವರ್ಷ ನಾನೂ ಸಿಟ್ಟು ಮಾಡ್ಕೊಂಡು ತವರಿಗಿ ಹೋಗಿದ್ದೆ, ದುಬಲಗುಂಡಿಗಿ. ಒಂದು ದಿನ ನಿಮ್ಮ ಮಾವ ಜೀಪ್ ತಗೊಂಡು ಬಂದ್ರು. ಒಳಗ ಬರ್ಲಿಲ್ಲ. ಎಂಜಿನ್ ಗರಮ್ ಆಗ್ಯದ, ಜರಾ ನೀರು ಬೇಕಿತ್ತು ಅಂದ್ರು. ನಾ ಒಂದು ಕೊಡ ತುಂಬಿ ಕೊಟ್ಟೆ. ಹಾಕಿದ್ರು. ಒಳಗ ನೀರು ತುಂಬೇ ಇತ್ತು, ಹಾಕಿದ್ದೆಲ್ಲಾ ಹೊರಗ ಚೆಲ್ಲಿ ನೆಲಕ್ಕ ಹೋತು. ನಾ ನೋಡ್ಕೋತ ನಿಂತೆ. ಕೊಡ ತಿರುಗಿ ಕೊಟ್ಟು, ಹೋಗ್ಬರ್ತೀನಿ ಅಂತ ಹೋದ್ರು. ಆರು ತಿಂಗಳು ಮತ್ತ ಬರ್ಲಿಲ್ಲ."

ನನ್ನ ಕೈಯ ತಂಬಿಗೆ ತೆಗೆದುಕೊಂಡು ಕೆಳಗಿಟ್ಟರು. ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ ಸಾಬೂನು ಪುಡಿ ಹಚ್ಚಿ ತಿಕ್ಕತೊಡಗಿದರು.

"ಏನ್ ಮಾಡ್ತೀರಿ ಮಾಸ್ತರ್ರೇ" ಎಂದರು. "ನನಗ ಆಗ ಎಂಜಿನ್ ತಿಳೀತಿದ್ದಿಲ್ಲ."